ಹಳದಿ ಬಾವುಟದ ಅಜ್ಜ

ಊರಿನ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ಒಬ್ಬ ಹಾಕಿದ್ದ: "ಅಮೆರಿಕದಲ್ಲಿ ಬಿಟ್ಟಿ ಭಾಗ್ಯ ಇಲ್ಲ. ಅಲ್ಲಿಯ ಜನ ಬೀದಿಗಿಳಿದು ಸರ್ಕಾರದ ಉಸಾಬರಿಯೇ ಬೇಡ ಅಂದವರು. ಅದಕ್ಕೇ ಉದ್ಧಾರ ಆಗಿದ್ದಾರೆ." ಕೆಳಗೆ ಹದಿನೇಳು ಹೆಬ್ಬೆರಳು. ಎರಡು ಸಾಲು ಉತ್ತರ ಬರೆಯೋಣ ಎಂದು ಕೂತೆ. ಎರಡು ಸಾಲಲ್ಲಿ ಮುಗಿಯಲಿಲ್ಲ. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ಉದ್ದ ಇದೆ, ಕಾಫಿ ತಗೊಂಡು ಕೂತುಕೊಳ್ಳಿ.

ಬೀದಿಗಿಳಿದದ್ದು ನಿಜ. ನಾನೇ ನೋಡಿದ್ದೇನೆ. ನಾವಿರುವುದು ಸೌತ್ ಕ್ಯಾರೊಲೈನಾದ ಗ್ರೀನ್‌ವಿಲ್ ಹತ್ತಿರ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜ. ಹೆಸರು ಬೇಡ, ಅಜ್ಜ ಅಂತಲೇ ಇರಲಿ. ಅವರ ಅಂಗಳದಲ್ಲಿ ಎರಡು ಬಾವುಟ. ಒಂದು ದೇಶದ್ದು. ಇನ್ನೊಂದು ಹಳದಿ ಬಣ್ಣದ್ದು, ಅದರ ಮೇಲೆ ಸುರುಳಿ ಸುತ್ತಿ ತಲೆ ಎತ್ತಿದ ಹಾವು, ಕೆಳಗೆ "ನನ್ನನ್ನು ತುಳಿಯಬೇಡ" ಎಂಬ ಬರಹ. ನನ್ನ ಅಮ್ಮ ಮೊದಲ ಸಲ ಇಲ್ಲಿಗೆ ಬಂದಾಗ ಅದನ್ನು ನೋಡಿ, "ಇವರಲ್ಲೂ ನಾಗಾರಾಧನೆ ಉಂಟಾ?" ಎಂದು ಕೇಳಿದ್ದರು. ಪುತ್ತೂರಿನಿಂದ ಬಂದವರಿಗೆ ಬೇರೇನು ತೋಚೀತು!

ಅದು ಟೀ ಪಾರ್ಟಿಯವರ ಬಾವುಟ. ಟೀ ಪಾರ್ಟಿ ಅಂದರೆ ಪಕ್ಷವಲ್ಲ, ತೆರಿಗೆ, ಸರ್ಕಾರದ ಖರ್ಚು ಎರಡೂ ಇಳಿಯಲಿ ಎಂದು ರಿಪಬ್ಲಿಕನ್ನರ ಕಡೆಯಿಂದ ಎದ್ದ ಚಳವಳಿ. ಬಾವುಟ ಬ್ರಿಟಿಷರ ವಿರುದ್ಧ ಹೋರಾಡಿದ ಕಾಲದ್ದು, 2009ರಲ್ಲಿ ಮತ್ತೆ ಪೆಟ್ಟಿಗೆಯಿಂದ ಹೊರಬಂತು. ಆ ವರ್ಷ ಫೆಬ್ರವರಿ 19ರಂದು ಸಿಎನ್‌ಬಿಸಿ ಚಾನೆಲ್‌ನ ರಿಕ್ ಸ್ಯಾಂಟೆಲ್ಲಿ ಷಿಕಾಗೋದಲ್ಲಿ, ದಲ್ಲಾಳಿಗಳ ನಡುವೆ ನಿಂತು ಲೈವ್‌ನಲ್ಲೇ ಕೂಗಾಡಿದರು. ಸಾಲ ಕಟ್ಟಲಾಗದವರ ಮನೆ ಉಳಿಸಲು ಒಬಾಮ ಸರ್ಕಾರ ಆಗಷ್ಟೇ ಯೋಜನೆ ತಂದಿತ್ತು. ಪಕ್ಕದ ಮನೆಯವನು ಒಂದು ಬಚ್ಚಲು ಜಾಸ್ತಿ ಇರುವ ಮನೆ ತಗೊಂಡು ಸಾಲ ತೀರಿಸದಿದ್ದರೆ ನಾವ್ಯಾಕೆ ಕಟ್ಟಬೇಕು ಎಂಬುದು ಅವರ ಪ್ರಶ್ನೆ. ಷಿಕಾಗೋದಲ್ಲೂ ಒಂದು ಟೀ ಪಾರ್ಟಿ ಮಾಡೋಣ ಎಂದರು. ಕಿಡಿ ಹತ್ತಿಕೊಂಡಿತು. ತೆರಿಗೆ ಕಟ್ಟುವ ಕೊನೆಯ ದಿನವಾದ ಏಪ್ರಿಲ್ 15ಕ್ಕೆ ನೂರಾರು ಊರುಗಳಲ್ಲಿ ಜನ ಫಲಕ ಹಿಡಿದು ನಿಂತಿದ್ದರು.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. 2008ರ ಅಕ್ಟೋಬರಿನಲ್ಲೇ, ಬುಷ್ ಕಾಲದಲ್ಲಿ, ಬ್ಯಾಂಕುಗಳನ್ನು ಉಳಿಸಲು 70 ಸಾವಿರ ಕೋಟಿ ಡಾಲರಿನ ಕಾಯ್ದೆ ಪಾಸಾಗಿತ್ತು. ಜನರಿಗೆ ಅದರ ಮೇಲೂ ಸಿಟ್ಟಿತ್ತು. ಅದಕ್ಕೆ ಮತ ಹಾಕಿದ್ದ ಯೂಟಾದ ಹಿರಿಯ ಸೆನೆಟರ್ ಬಾಬ್ ಬೆನೆಟ್‌ಗೆ 2010ರಲ್ಲಿ ಅವರ ರಿಪಬ್ಲಿಕನ್ ಪಕ್ಷದವರೇ ಟಿಕೆಟ್ ತಪ್ಪಿಸಿದರು. ಆದರೆ ಟಿವಿಯಲ್ಲಿ ಬೆಂಕಿ ಹಚ್ಚಿದ ಮಾತು ಮಾತ್ರ ಬ್ಯಾಂಕಿನ ಬಗ್ಗೆ ಅಲ್ಲ, ಪಕ್ಕದ ಮನೆಯವನ ಬಚ್ಚಲಿನ ಬಗ್ಗೆ.

ಆ ಹೆಸರಿನದೂ ಒಂದು ತಮಾಷೆ. 1773ರ ಡಿಸೆಂಬರ್ 16ರಂದು ಬಾಸ್ಟನ್ ಬಂದರಿನಲ್ಲಿ ಬ್ರಿಟಿಷ್ ತೆರಿಗೆಯ ಮೇಲೆ ಸಿಟ್ಟಾದವರು 342 ಪೆಟ್ಟಿಗೆ ಚಹಾವನ್ನು ನೀರಿಗೆ ಎಸೆದರಲ್ಲ, ಹೆಸರು ಬಂದದ್ದು ಅಲ್ಲಿಂದಲೇ. ಆ ಚಹಾ ಯಾರ ಮಾಲು? ನಮ್ಮ ತಲೆ ಮೇಲೆ ಕೂತಿದ್ದ ಅದೇ ಈಸ್ಟ್ ಇಂಡಿಯಾ ಕಂಪನಿಯದು. ಹೈದರಾಲಿಯ ಕುದುರೆಗಳು ಮದ್ರಾಸಿನ ಬಾಗಿಲಿಗೆ ಬಂದಿವೆ ಎಂಬ ಸುದ್ದಿಗೆ 1769ರಲ್ಲಿ ಲಂಡನ್ನಿನಲ್ಲಿ ಆ ಕಂಪನಿಯ ಷೇರು ಕುಸಿದಿತ್ತು. ಆಮೇಲೆ ಬಂಗಾಳದ ಕ್ಷಾಮ, ಲಂಡನ್ನಿನ ಸಾಲದ ಬಿಕ್ಕಟ್ಟು. ಮುಳುಗುತ್ತಿದ್ದ ಕಂಪನಿಗೆ ಬ್ರಿಟನ್ ಸರ್ಕಾರ 14 ಲಕ್ಷ ಪೌಂಡ್ ಸಾಲ ಕೊಟ್ಟಿತು. ಜೊತೆಗೆ ನೇರವಾಗಿ ಅಮೆರಿಕದಲ್ಲಿ ಚಹಾ ಮಾರಲು ರಿಯಾಯಿತಿಯನ್ನೂ ಕೊಟ್ಟಿತು. ತೆರಿಗೆ ಹಳೆಯದೇ ಇತ್ತು. ಹೊಸ ಕಾಯ್ದೆಯಿಂದ ಚಹಾ ಅಗ್ಗವೇ ಆಯಿತು! ಸರ್ಕಾರ ಒಂದು ದೊಡ್ಡ ಕಂಪನಿಯನ್ನು ತೊಡೆ ಮೇಲೆ ಕೂರಿಸಿಕೊಂಡದ್ದೂ ಅಂದಿನ ಸಿಟ್ಟಿನಲ್ಲಿ ಸೇರಿತ್ತು. ಇದನ್ನು ಅಜ್ಜನಿಗೆ ಹೇಳಿದಾಗ ಅವರು ಅರ್ಧ ನಿಮಿಷ ಯೋಚಿಸಿ, "ನಿಮ್ಮ ಹೈದರ್ ಒಳ್ಳೆಯ ಮನುಷ್ಯ" ಎಂದರು.

ಒಮ್ಮೆ ಅವರ ಜೊತೆ ಸಭೆಗೂ ಹೋಗಿದ್ದೆ. ಕುತೂಹಲ, ಅಷ್ಟೆ. ಸುಮಾರು ನಲವತ್ತು ಜನ ಇದ್ದರು, ಹೆಚ್ಚಿನವರದು ಬಿಳಿ ತಲೆ. ಬಂದವರಿಗೆಲ್ಲ ಅಂಗೈಯಗಲದ ಸಂವಿಧಾನದ ಪುಸ್ತಕ ಕೊಟ್ಟರು. ಒಬ್ಬ ಹೆಂಗಸು ಒಬಾಮ ತಂದ ಆರೋಗ್ಯ ವಿಮೆ ಮಸೂದೆಯ ಪುಟಗಳನ್ನು ಪ್ರಿಂಟ್ ಹಾಕಿಸಿ, ಬಣ್ಣ ಬಣ್ಣದ ಚೀಟಿ ಅಂಟಿಸಿ ತಂದಿದ್ದರು. ಇಂಥ ಸುಮಾರು ಸಾವಿರ ಸ್ಥಳೀಯ ಗುಂಪುಗಳು ಆಗ ದೇಶದಲ್ಲಿದ್ದವು ಎಂದು ಹಾರ್ವರ್ಡ್‌ನ ಥೀಡಾ ಸ್ಕಾಚ್‌ಪೋಲ್ ಮತ್ತು ವನೆಸ್ಸಾ ವಿಲಿಯಮ್ಸನ್ ಲೆಕ್ಕ ಹಾಕಿದ್ದಾರೆ. ಹಿಂದಿನಿಂದ ಕೋಟ್ಯಧಿಪತಿ ಉದ್ಯಮಿಗಳಾದ ಕೋಕ್ ಸಹೋದರರ ದುಡ್ಡಿನ ಸಂಸ್ಥೆಗಳು, ಮಾಜಿ ರಿಪಬ್ಲಿಕನ್ ಸಂಸದ ಡಿಕ್ ಆರ್ಮಿ ಅವರ ಫ್ರೀಡಂವರ್ಕ್ಸ್ ತಳ್ಳುತ್ತಿದ್ದವು, ಅದು ಸುಳ್ಳಲ್ಲ. ಆದರೆ ಆ ಹೆಂಗಸಿಗೆ ಚೀಟಿ ಅಂಟಿಸಲು ಯಾರೂ ಕೂಲಿ ಕೊಟ್ಟಿರಲಿಲ್ಲ. ಇವರನ್ನೆಲ್ಲ ಬಾಡಿಗೆ ಜನ ಅಂದವರು ಒಂದು ಸಭೆಗಾದರೂ ಹೋಗಿರಲಾರರು.

ಸಭೆ ನಡೆದದ್ದು ಎಲ್ಲಿ ಗೊತ್ತಾ? ಕೌಂಟಿಯ ಸಾರ್ವಜನಿಕ ಲೈಬ್ರರಿಯಲ್ಲಿ. ಎಸಿ ಹಾಲ್, ಬಾಡಿಗೆ ಇಲ್ಲ. ಸರ್ಕಾರ ನಮ್ಮ ಬದುಕಿನಿಂದ ಆಚೆ ಹೋಗಲಿ ಎಂದು ಚಪ್ಪಾಳೆ ತಟ್ಟಿ, ಎಲ್ಲರೂ ಸೇರಿ ಸರ್ಕಾರದ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಿ ಬಂದೆವು. ನಾನೂ ಆರು ಕುರ್ಚಿ ಮಡಚಿದೆ.

ಇಲ್ಲೇ ಹತ್ತಿರದ ಸಿಂಪ್ಸನ್‌ವಿಲ್‌ನಲ್ಲಿ 2009ರ ಬೇಸಿಗೆಯಲ್ಲಿ ನಡೆದದ್ದು ನಿಮಗೂ ಗೊತ್ತಿರಬಹುದು. ನಮ್ಮ ಸಂಸದ ಬಾಬ್ ಇಂಗ್ಲಿಸ್ ಜನರ ಸಭೆ ಕರೆದಿದ್ದರು. ಒಬ್ಬರು ಎದ್ದು, ನನ್ನ ಮೆಡಿಕೇರ್ ಮೇಲೆ ಸರ್ಕಾರ ಕೈ ಹಾಕಬಾರದು ಎಂದರು. ಮೆಡಿಕೇರ್ ಅಂದರೆ 65 ದಾಟಿದವರಿಗೆ ಸರ್ಕಾರವೇ ನಡೆಸುವ ಆರೋಗ್ಯ ವಿಮೆ, 1965ರ ಕಾಯ್ದೆಯಿಂದ ಬಂದದ್ದು. ಅದು ಸರ್ಕಾರದ್ದೇ ಸ್ವಾಮಿ ಎಂದು ಇಂಗ್ಲಿಸ್ ಮೆಲ್ಲಗೆ ತಿಳಿಸಿ ಹೇಳಲು ನೋಡಿದರು. ಆ ಮನುಷ್ಯ ಒಪ್ಪಲಿಲ್ಲ. ಮುಂದಿನ ವರ್ಷ ಇಂಗ್ಲಿಸ್ ಅವರೇ ಪಕ್ಷದೊಳಗಿನ ಚುನಾವಣೆಯಲ್ಲಿ ಭಾರಿ ಅಂತರದಲ್ಲಿ ಸೋತು ಮನೆಗೆ ಹೋದರು.

ದೇಶವೆಲ್ಲ ಆ ಮಾತಿಗೆ ನಕ್ಕಿತು. ನಾನೂ ನಕ್ಕಿದ್ದೆ. ಈಗ ಅನಿಸುತ್ತದೆ, ನಗುವಾಗ ನಾವು ಕೇಳಿಸಿಕೊಳ್ಳಬೇಕಾದದ್ದನ್ನು ಕೇಳಿಸಿಕೊಳ್ಳಲಿಲ್ಲ. ಆ ಮನುಷ್ಯ ಪೆದ್ದನಲ್ಲ. ಅವನ ಲೆಕ್ಕದಲ್ಲಿ "ಸರ್ಕಾರ" ಎಂದರೆ ಬೇರೆಯವರಿಗೆ ಹೋಗುವ ದುಡ್ಡು. ತನಗೆ ಬರುವುದು ಸರ್ಕಾರದ್ದಲ್ಲ, ತನ್ನದೇ.

ಅಜ್ಜನೂ ಹೀಗೇ. 2011ರಲ್ಲಿ ಅವರಿಗೆ ಮೊಣಕಾಲು ಬದಲಾಯಿಸಿದರು. ಮೆಡಿಕೇರ್‌ನಲ್ಲಿ. ಊರುಗೋಲು ಹಿಡಿದು ಅಂಗಳದಲ್ಲಿ ನಡೆಯುತ್ತಿದ್ದಾಗ ನಾನು ಸುಮ್ನೆ ಕೆಣಕಿದೆ. "ಸರ್ಕಾರದ ಮೊಣಕಾಲು ಹೇಗಿದೆ?"

ಅವರಿಗೆ ಸಿಟ್ಟು ಬಂತು. "ನಲವತ್ತೊಂದು ವರ್ಷ ಸಂಬಳದಲ್ಲಿ ಹಿಡಿದುಕೊಂಡಿದ್ದಾರೆ. ಇದು ನನ್ನ ದುಡ್ಡು."

ಹಿಡಿದುಕೊಂಡದ್ದು ನಿಜ. ಆದರೆ ಲೆಕ್ಕ ಹಾಗೆ ಬರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ದುಡಿದು, ಸಾಧಾರಣ ಸಂಬಳ ಪಡೆದು, ಆ ಹೊತ್ತಿಗೆ ನಿವೃತ್ತರಾದ ಜೋಡಿಗೆ ಅವರು ಕಟ್ಟಿದ ಮೆಡಿಕೇರ್ ತೆರಿಗೆಯ ಸುಮಾರು ಮೂರು ಪಟ್ಟು ವಾಪಸ್ ಸಿಗುತ್ತದೆ ಎಂದು ಅರ್ಬನ್ ಇನ್‌ಸ್ಟಿಟ್ಯೂಟ್‌ನವರು ಲೆಕ್ಕ ಹಾಕಿದ್ದರು. ಉಳಿದದ್ದು ನನ್ನಂಥ ದುಡಿಯುವವರ ಸಂಬಳದಿಂದ, ಸಾಲದಿಂದ. ಊರುಗೋಲು ಹಿಡಿದವರ ಎದುರು ನಿಂತು ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ.

2010ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಮತ್ತು ಸಿಬಿಎಸ್ ನಡೆಸಿದ ಸಮೀಕ್ಷೆಯಲ್ಲೂ ಟೀ ಪಾರ್ಟಿ ಬೆಂಬಲಿಗರ ಈ ಮುಖ ಕಂಡಿತ್ತು. ಸರ್ಕಾರ ಸಣ್ಣದಾಗಲಿ ಎಂದವರಲ್ಲೇ ಹೆಚ್ಚಿನವರು ಮೆಡಿಕೇರ್‌ಗೂ ಸೋಷಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಪಿಂಚಣಿಗೂ ಖರ್ಚು ಮಾಡುವುದು ಸಾರ್ಥಕ ಎಂದಿದ್ದರು. ಅಕ್ಕಿ ಮೇಲಾಸೆ, ನೆಂಟರ ಮೇಲೆ ಪ್ರೀತಿ. ಇದು ರಾಜಕಾರಣಿಗಳಿಗೂ ಚೆನ್ನಾಗಿ ಗೊತ್ತಿತ್ತು. 2011ರಲ್ಲಿ ರಿಪಬ್ಲಿಕನ್ ಸಂಸದ ಪಾಲ್ ರಯಾನ್ ಮೆಡಿಕೇರ್ ಬದಲಿಸುವ ಬಜೆಟ್ ತಂದಾಗ 55 ದಾಟಿದವರಿಗೆ ಏನೂ ಬದಲಾಗುವುದಿಲ್ಲ ಎಂದು ಮೊದಲೇ ಸೇರಿಸಿದ್ದರು. ಕತ್ತರಿ ಇರಲಿ, ಅದು ಮಕ್ಕಳ ತಲೆಗೆ. ಹಾಗಿದ್ದರೂ ನ್ಯೂಯಾರ್ಕ್ ರಾಜ್ಯದ ಒಂದು ಗಟ್ಟಿ ರಿಪಬ್ಲಿಕನ್ ಕ್ಷೇತ್ರದ ಉಪಚುನಾವಣೆಯಲ್ಲಿ ಆ ಮೇ ತಿಂಗಳೇ ಪಕ್ಷ ಸೋತಿತು. ಪ್ರಚಾರವೆಲ್ಲ ಮೆಡಿಕೇರ್ ಸುತ್ತಲೇ ನಡೆದಿತ್ತು.

ಅಜ್ಜನ ಬಗ್ಗೆ ನನಗೆ ಕನಿಕರವಾದರೂ ಇದೆ. ಸ್ಟೀಫನ್ ಫಿಂಚರ್ ಬಗ್ಗೆ ಅದೂ ಇಲ್ಲ. ಟೆನೆಸಿಯ ಫ್ರಾಗ್ ಜಂಪ್ ಎಂಬ ಊರಿನ ಹತ್ತಿ ಬೆಳೆಗಾರ. (ಕಪ್ಪೆ ನೆಗೆತ! ನಮ್ಮ ಊರಿನ ಹೆಸರುಗಳಿಗೆ ಇವರೇನು ಕಡಿಮೆ ಇಲ್ಲ.) 2010ರ ಟೀ ಪಾರ್ಟಿ ಅಲೆಯಲ್ಲಿ ಸಂಸದರಾಗಿ ಗೆದ್ದವರು. ಅವರು 1999ರಿಂದ 2012ರವರೆಗೆ ಪಡೆದ ಕೃಷಿ ಸಬ್ಸಿಡಿ ಸುಮಾರು 35 ಲಕ್ಷ ಡಾಲರ್. 2013ರಲ್ಲಿ ಬಡವರ ಆಹಾರ ಕೂಪನ್ ಕಡಿತದ ಚರ್ಚೆ ಬಂದಾಗ ಇದೇ ಮನುಷ್ಯ, ದುಡಿಯಲು ಒಲ್ಲದವನು ಉಣ್ಣಲೂ ಬಾರದು ಎಂಬ ಬೈಬಲ್ ವಚನ ಓದಿದರು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಒಬಾಮ ಆರೋಗ್ಯ ಕಾಯ್ದೆಗೆ ದುಡ್ಡು ಕೊಡಬಾರದು ಎಂದು ರಿಪಬ್ಲಿಕನ್ ಸೆನೆಟರ್ ಟೆಡ್ ಕ್ರೂಜ್ ಮತ್ತು ಸಂಗಡಿಗರು ಪಟ್ಟು ಹಿಡಿದರು. 16 ದಿನ ಸರ್ಕಾರ ಬಾಗಿಲು ಹಾಕಿತು. ಬಾಗಿಲು ಹಾಕಿದಾಗ ತುರ್ತಲ್ಲದ ಕೆಲಸಗಳಿಗೆಲ್ಲ ಬೀಗ ಬಿತ್ತು, ವಾಷಿಂಗ್ಟನ್ನಿನ ಎರಡನೇ ಮಹಾಯುದ್ಧದ ಸ್ಮಾರಕಕ್ಕೂ. ಆಗ ಕ್ರೂಜ್ ಮತ್ತು 2008ರಲ್ಲಿ ಉಪಾಧ್ಯಕ್ಷ ಅಭ್ಯರ್ಥಿಯಾಗಿದ್ದ ಸಾರಾ ಪೇಲಿನ್ ಆ ಸ್ಮಾರಕಕ್ಕೇ ಹೋಗಿ ಪ್ರತಿಭಟನೆ ಮಾಡಿದರು. ಏಕೆ ಮುಚ್ಚಿದ್ದೀರಿ ಎಂದು! ಅಂಗಡಿಯ ಬಾಗಿಲಿಗೆ ತಾನೇ ಬೀಗ ಜಡಿದು, ಜಗಲಿಯಲ್ಲಿ ನಿಂತು ಉಪ್ಪು ಸಿಗಲಿಲ್ಲ ಎಂದು ಬೈದ ಹಾಗೆ.

ಇಷ್ಟಾದರೂ ಅದನ್ನೊಂದು ಗೊಂದಲ ಎನ್ನಬಹುದಿತ್ತು. ಗೊಂದಲವಲ್ಲ ಎಂದು ನನಗೆ ಖಾತ್ರಿಯಾದದ್ದು 2016ರಲ್ಲಿ. ಟೀ ಪಾರ್ಟಿಯ ಹೆಸರಲ್ಲಿ ಗೆದ್ದ ಕ್ರೂಜ್, ರೂಬಿಯೊ, ರ‍್ಯಾಂಡ್ ಪಾಲ್ ಮೂವರೂ ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಟಿಕೆಟ್ ಕೇಳಿ ಕಣಕ್ಕಿಳಿದಿದ್ದರು. ಪಿಂಚಣಿ, ಮೆಡಿಕೇರ್ ಒಂದನ್ನೂ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟದ್ದು ಟ್ರಂಪ್. ನಮ್ಮ ರಾಜ್ಯ ಗೆದ್ದುಕೊಂಡದ್ದೂ ಅವರೇ. ಅಜ್ಜ ಒಂದು ಕ್ಷಣವೂ ಹಿಂದೆ ಮುಂದೆ ನೋಡಲಿಲ್ಲ. ಸಂವಿಧಾನದ ಆ ಪುಟ್ಟ ಪುಸ್ತಕ ಈಗಲೂ ಅವರ ಟ್ರಕ್ಕಿನ ಡ್ಯಾಶ್‌ಬೋರ್ಡ್ ಮೇಲಿದೆ, ಬಿಸಿಲಿಗೆ ಬಿಳಚಿಕೊಂಡಿದೆ.

ನಮ್ಮ ರಾಜ್ಯದ ಸಂಸದರಾಗಿದ್ದ ಮಿಕ್ ಮುಲ್ವೇನಿ ಕಥೆ ಇನ್ನೂ ಚೆನ್ನ. ಸ್ಯಾಂಡಿ ಚಂಡಮಾರುತಕ್ಕೆ ಸಿಕ್ಕವರಿಗೆ ಪರಿಹಾರ ಕೊಡುವಾಗ, ಮೊದಲು ಬೇರೆ ಖರ್ಚು ಕಡಿದು ಆಮೇಲೆ ಕೊಡಿ ಎಂದು 2013ರಲ್ಲಿ ತಿದ್ದುಪಡಿ ತಂದವರು. ಆಮೇಲೆ ಟ್ರಂಪ್ ಸರ್ಕಾರದ ಬಜೆಟ್ಟಿನ ಉಸ್ತುವಾರಿಯೇ ಅವರ ಕೈಗೆ ಬಂತು. 2019ರ ಹೊತ್ತಿಗೆ, ಕೋವಿಡ್ ಇನ್ನೂ ಬರುವ ಮೊದಲೇ, ವರ್ಷದ ಕೊರತೆ 98 ಸಾವಿರ ಕೋಟಿ ಡಾಲರ್ ದಾಟಿತ್ತು. 2020ರಲ್ಲಿ ಇಂಗ್ಲೆಂಡಿನಲ್ಲಿ ಮಾತಾಡುತ್ತ ಅವರೇ ಒಪ್ಪಿಕೊಂಡರು: ನಮ್ಮ ಪಕ್ಷಕ್ಕೆ ಕೊರತೆಯ ಚಿಂತೆ ಜೋರಾಗುವುದು ಡೆಮಾಕ್ರಟರು ಅಧಿಕಾರದಲ್ಲಿದ್ದಾಗ ಎಂದು. ಮನುಷ್ಯ ಪ್ರಾಮಾಣಿಕ, ತಡವಾಗಿಯಾದರೂ.

2011ರಲ್ಲಿ ಸರ್ಕಾರ ಮಾಡಬಹುದಾದ ಸಾಲದ ಮಿತಿ ಏರಿಸಬಾರದು ಎಂದು ಟೀ ಪಾರ್ಟಿಯವರು ಹಿಡಿದ ಹಟದ ಬೆನ್ನಿಗೇ ಅಮೆರಿಕದ ಸಾಲದ ರೇಟಿಂಗ್ ಮೊದಲ ಬಾರಿ ಕೆಳಗಿಳಿದಿತ್ತು. 2025ರ ಜುಲೈಯಲ್ಲಿ ಅದೇ ರಿಪಬ್ಲಿಕನ್ ಪಕ್ಷ ಒಂದೇ ಮಸೂದೆಯಲ್ಲಿ ಆ ಮಿತಿಯನ್ನು 5 ಲಕ್ಷ ಕೋಟಿ ಡಾಲರ್ ಏರಿಸಿತು. ಆ ಮಸೂದೆಗೆ ಬೇಡ ಎಂದ ಬೆರಳೆಣಿಕೆಯ ರಿಪಬ್ಲಿಕನ್ನರಲ್ಲಿ ಕೆಂಟಕಿಯ ರ‍್ಯಾಂಡ್ ಪಾಲ್, ಥಾಮಸ್ ಮ್ಯಾಸಿ ಇಬ್ಬರೂ ಇದ್ದರು. ಅವರ ಎಷ್ಟೋ ಮಾತು ನನಗೆ ಒಪ್ಪಿಗೆಯಿಲ್ಲ. ಆದರೆ ಟೀ ಪಾರ್ಟಿ ಕಾಲದಲ್ಲಿ ಹೇಳಿದ್ದನ್ನೇ ಈಗಲೂ ಹೇಳಿದವರು ಇವರು, ಅದನ್ನು ಮೆಚ್ಚಲೇಬೇಕು. ಬೈಸಿಕೊಂಡವರೂ ಇವರೇ, ಅದೂ ಸ್ವಂತ ಪಕ್ಷದವರಿಂದಲೇ.

ಗುಂಪಿನ ಗೆಳೆಯನಿಗೆ ಹೇಳಬೇಕಾದ್ದು ಇಷ್ಟು: ಇಲ್ಲಿನ ಜನ ಸರ್ಕಾರ ಬೇಡ ಅಂದವರಲ್ಲ ಮಾರಾಯ. ಸರ್ಕಾರ ನನಗಿರಲಿ, ಅವನಿಗೆ ಬೇಡ ಅಂದವರು. ಅವನಿಗೆ ಅಂದರೆ ಯಾರು, ಅವನ ಬಣ್ಣ ಏನು, ಯಾವ ಕಡೆಯಿಂದ ಬಂದವನು ಎಂಬುದೂ ಅದರಲ್ಲಿತ್ತು. ಆ ಸಭೆಯಲ್ಲಿ ಒಬ್ಬರು ವಲಸಿಗರನ್ನು ಬೈದು, ನನ್ನ ಕಡೆ ತಿರುಗಿ, "ನಿಮ್ಮಂಥವರನ್ನಲ್ಲ" ಎಂದು ಬೆನ್ನು ತಟ್ಟಿದ್ದರು. ನಾನು ಹಲ್ಲು ಕಿರಿದೆ.

ಇನ್ನು ನಮ್ಮ ಗುಂಪು. ಹದಿನೇಳು ಹೆಬ್ಬೆರಳಲ್ಲಿ ಹನ್ನೊಂದು ಜನ ನನ್ನ ಜೊತೆ ಸುರತ್ಕಲ್‌ನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ನಾವು ಕಟ್ಟಿದ ಫೀಸಿನಲ್ಲಿ ಅಲ್ಲಿಯ ಲ್ಯಾಬಿನ ಕರೆಂಟ್ ಬಿಲ್ ಕೂಡ ಹುಟ್ಟುತ್ತಿರಲಿಲ್ಲ. ಉಳಿದದ್ದು ಯಾರು ಕೊಟ್ಟರು? ಅದನ್ನು ನಾವು ಮೆರಿಟ್ ಎಂದು ಕರೆಯುತ್ತೇವೆ. ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಧರ್ಮಸ್ಥಳಕ್ಕೆ ಹೋದ ಹೆಂಗಸಿನದು ಬಿಟ್ಟಿ. 2023ರಿಂದ ನಮ್ಮ ಗುಂಪಿನಲ್ಲಿ ಆ ಬಸ್ಸಿನ ಮೇಲೆ ಬಂದಷ್ಟು ಜೋಕು ಬೇರೆ ಯಾವುದರ ಮೇಲೂ ಬಂದಿಲ್ಲ. ಎರಡು ಜೋಕು ನನ್ನವೇ.

2024ರ ಸೆಪ್ಟೆಂಬರ್ 27ರಂದು ಹೆಲೀನ್ ಚಂಡಮಾರುತ ನಮ್ಮ ಮೇಲೇ ಹಾದುಹೋಯಿತು. ಸಮುದ್ರದಿಂದ ಇಷ್ಟು ದೂರ ಇದ್ದೇವೆ, ನಮಗೇನು ಅಂದುಕೊಂಡಿದ್ದೆವು. ಅಜ್ಜನ ಹಿತ್ತಲಿನ ಓಕ್ ಮರ ಅವರ ಅಡಿಗೆಮನೆ ಮೇಲೆ ಬಿತ್ತು. ಕರೆಂಟ್ ಬರಲು ದಿನಗಳೇ ಹಿಡಿದವು. ಬಂದ ದಿನ ಸಂಜೆ ಅಜ್ಜ ಒಂದು ಚೀಲ ಟೊಮೆಟೊ ಹಿಡಿದು ನಮ್ಮ ಬಾಗಿಲಿಗೆ ಬಂದರು. ಫೆಮಾ ಪರಿಹಾರಕ್ಕೆ ಅರ್ಜಿ ಹಾಕಬೇಕು, ಕಂಪ್ಯೂಟರಿನಲ್ಲಿ ಹಾಕಿ ಕೊಡುತ್ತೀಯಾ ಎಂದು ಕೇಳಿದರು. ಫೆಮಾ ಎಂದರೆ ಕೇಂದ್ರ ಸರ್ಕಾರದ್ದೇ ವಿಪತ್ತು ಇಲಾಖೆ. ತುರ್ತು ಖರ್ಚಿಗೆ ಮೊದಲು 750 ಡಾಲರ್ ಕೊಡುತ್ತಿದ್ದರು.

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಅವರು ಕನ್ನಡಕ ತೆಗೆದು ಒರೆಸಿ, ತಮ್ಮ ಸೋಷಿಯಲ್ ಸೆಕ್ಯುರಿಟಿ ನಂಬರನ್ನು ಮಗ್ಗಿ ಹೇಳಿದ ಹಾಗೆ ಒಂದೇ ಉಸಿರಿಗೆ ಹೇಳಿದರು. ನಾನು ಟೈಪ್ ಮಾಡಿದೆ. ಏನೇನು ಹಾಳಾಯಿತು ಎಂಬಲ್ಲಿ ಮಾಡು, ಫ್ರಿಜ್, ಒಲೆ ಎಂದು ಬರೆಸಿದರು. ಇನ್ನೇನಾದರೂ ಇದೆಯಾ ಎಂದೆ.

"ಬಾವುಟ ಹರಿದುಹೋಯಿತು. ಅದನ್ನು ಹಾಕಬೇಡ, ನಾನೇ ತಗೊಳ್ಳುತ್ತೇನೆ."