ಸತ್ಯಾಂಶ: ಹಾರ್ಟ್ ಆಪರೇಷನ್‌ಗೆ ಆಲ್ಬುಮಿನ್ ಹಾಕಿಸಲೇಬೇಕಾ?

"ಬೈಪಾಸ್ ಮಾಡಿಸೋರಿಗೆ ಆಲ್ಬುಮಿನ್ ಹಾಕ್ಸಿ, ಡಾಕ್ಟ್ರು ಹೇಳದಿದ್ರೂ ಕೇಳಿ ಹಾಕ್ಸಿ, ದುಡ್ಡಿಲ್ದಿದ್ರೆ ಮೊಟ್ಟೆಯ ಬಿಳಿ ಕೊಡಿ ಅದೇ ಇದು" ಅಂತ ವಾಟ್ಸಾಪಲ್ಲಿ ಒಂದು ಮೆಸೇಜ್ ಓಡಾಡ್ತಿದೆ.

ಮೊದ್ಲು ಮೊಟ್ಟೆ ವಿಷ್ಯ ಮುಗಿಸಿಬಿಡೋಣ. ಬಾಟ್ಲಿಯಲ್ಲಿ ಬರೋ, ಡ್ರಿಪ್ ಥರ ಹಾಕೋ ಆಲ್ಬುಮಿನ್ ಒಂದು ಪ್ರೋಟೀನು, ಮನುಷ್ಯರು ದಾನ ಮಾಡಿದ ರಕ್ತದ ಪ್ಲಾಸ್ಮಾದಿಂದ (ರಕ್ತದ ದ್ರವ ಭಾಗದಿಂದ) ತೆಗೆದಿದ್ದು, ಮೊಟ್ಟೆಯಲ್ಲಿರೋದೇ ಬೇರೆ ಪ್ರೋಟೀನು, ತಿಂದ್ರೆ ಹೊಟ್ಟೇಲಿ ಜೀರ್ಣ ಆಗತ್ತೆ ಅಷ್ಟೆ.

ಇನ್ನು ಆಪರೇಷನ್ ಟೈಮಲ್ಲಿ ಯಾಕೆ ಹಾಕ್ತಾರೆ ಅಂದ್ರೆ, ಹಾರ್ಟ್-ಲಂಗ್ ಮಷೀನಿನ (ಆಪರೇಷನ್ ನಡೆಯೋವಾಗ ಹೃದಯ, ಶ್ವಾಸಕೋಶದ ಕೆಲಸ ಮಾಡೋ ಯಂತ್ರ) ಪೈಪುಗಳಿಗೆ ರಕ್ತ ಹರಿಯೋಕೆ ಮುಂಚೆ ಯಾವ್ದಾದ್ರೂ ದ್ರವ ತುಂಬಿಸಿರಬೇಕು, ಅದ್ರಲ್ಲಿ ಆಲ್ಬುಮಿನ್ ಇದ್ರೆ ಪೈಪಿನ ಒಳಮೈಗೆ ಒಂದು ಪದರ ಥರ ಕೂತು ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸೋ ಕಣ) ಅಂಟೋದು ಕಮ್ಮಿ ಆಗತ್ತೆ, ರಕ್ತನಾಳದಿಂದ ನೀರು ಹೊರಗೆ ಸೋರೋದೂ ಕಮ್ಮಿ. ಲಾಜಿಕ್ ಚೆನ್ನಾಗೇ ಇದೆ.

ಆದ್ರೆ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 1,386 ರೋಗಿಗಳ ಮೇಲೆ ಇದನ್ನ ಪರೀಕ್ಷೆ ಮಾಡಿ ನೋಡಿದ್ರು, 2022ರಲ್ಲಿ ರಿಸಲ್ಟ್ ಬಂತು. ಅರ್ಧ ಜನಕ್ಕೆ 4% ಆಲ್ಬುಮಿನ್, ಇನ್ನರ್ಧಕ್ಕೆ ರಿಂಗರ್ಸ್ ಅಸಿಟೇಟ್ ಅನ್ನೋ ಮಾಮೂಲಿ ಡ್ರಿಪ್. ದೊಡ್ಡ ತೊಂದ್ರೆಗಳು ಒಟ್ಟಾರೆ ಕಮ್ಮಿ ಆಗಲೇ ಇಲ್ಲ, ರಕ್ತಸ್ರಾವ ಮತ್ತೆ ಇನ್ಫೆಕ್ಷನ್ ಆಲ್ಬುಮಿನ್ ಕಡೆಗೇ ಸ್ವಲ್ಪ ಜಾಸ್ತಿ ಕಂಡ್ವು!

ಹಾಗಂತ ಡಾಕ್ಟ್ರು ಬರೆದ್ರೆ ಬೇಡ ಅಂತ ಜಗಳಕ್ಕೆ ಹೋಗ್ಬೇಡಿ, ಕೆಲವು ರೋಗಿಗಳಿಗೆ ಅದು ಬೇಕಾಗಬಹುದು, ಯಾಕೆ ಅಂತ ಕೇಳಿ ತಿಳ್ಕೊಳ್ಳಿ.