ಕೊಂಬಿಲ್ಲದ ಬಸವ

ಮನೆಯಲ್ಲೇ ಮಾಡಿದರೆ ಅಗ್ಗವಾಗುತ್ತದೆ ಎಂಬ ಮಾತನ್ನು ಮೊದಲು ಆಡಿದವರು ಯಾರೋ ತಿಳಿಯದು. ಅವರ ಮನೆಯಲ್ಲಿ ಗ್ಯಾಸ್ ಸಿಲಿಂಡರಿಗೆ ದುಡ್ಡು ಕೊಡುತ್ತಿದ್ದವರು ಮಾತ್ರ ಬೇರೆ ಯಾರೋ ಆಗಿದ್ದಿರಬೇಕು. ಹಳೇ ಮೈಸೂರಿನ ಕಡೆಯ ನಮ್ಮಂಥವರಿಗೆ ಸಂಕ್ರಾಂತಿಯೆಂದರೆ ಎಳ್ಳು ಬೀರುವ ಹಬ್ಬ. ಬಿಳಿ ಎಳ್ಳು, ಹುರಿಗಡಲೆ, ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ, ಸಣ್ಣಗೆ ಹೆಚ್ಚಿದ ಕೊಬ್ಬರಿ ಮತ್ತು ಬೆಲ್ಲ, ಇಷ್ಟನ್ನು ಬೆರೆಸಿ, ಜೊತೆಗೆ ಒಂದು ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು, ಎಲೆ ಅಡಿಕೆಯನ್ನಿಟ್ಟು ಬಂಧುಬಳಗಕ್ಕೂ ನೆರೆಹೊರೆಗೂ ಕೊಟ್ಟು, 'ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ' ಎಂದು ಹೇಳಿ ಬರಬೇಕು. ಈ ಪಟ್ಟಿಯಲ್ಲಿ ಬೆಲೆಬಾಳುವ ಪದಾರ್ಥ ಒಂದೂ ಇಲ್ಲ. ನಮ್ಮ ಮನೆಯವರು ಮೋಸಹೋದದ್ದು ಅಲ್ಲಿಯೇ.

ಮೈಸೂರಿನ ದೇವರಾಜ ಮಾರುಕಟ್ಟೆಯ ಸುತ್ತಮುತ್ತ ಹಬ್ಬಕ್ಕೆ ಇನ್ನೂ ದಿನಗಳಿರುವಾಗಲೇ ಬೆರೆಸಿಟ್ಟ ಎಳ್ಳೂ ಬಣ್ಣಬಣ್ಣದ ಸಕ್ಕರೆ ಅಚ್ಚುಗಳೂ ರಾಶಿಗಟ್ಟಲೆ ಬಂದು ಕೂರುತ್ತವೆ. ಅವುಗಳ ಬೆಲೆ ಕೇಳಿಕೊಂಡು ಬರಿಗೈಯಲ್ಲಿ ಹಿಂದಿರುಗಿದ ಅತ್ತಿಗೆಯವರು, ಒಂದು ಕಿಲೋ ಸಕ್ಕರೆಯ ಬೆಲೆಯನ್ನೂ ಒಂದು ಕಿಲೋ ಅಚ್ಚಿನ ಬೆಲೆಯನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸಿ, ಇವೆರಡರ ನಡುವಿನ ಅಂತರ ಯಾರ ಜೇಬಿಗೆ ಹೋಗುತ್ತಿದೆಯೆಂದು ನಮ್ಮನ್ನೇ ಗದರಿಸುವ ಧಾಟಿಯಲ್ಲಿ ಕೇಳಿದರು. ಆ ಅಂತರದ ಹೆಸರು ಶ್ರಮ ಎಂದು ಹೇಳುವ ಧೈರ್ಯ ಅಣ್ಣನಿಗೆ ಬರಲಿಲ್ಲ. ಅವನು ಬ್ಯಾಂಕಿನಿಂದ ನಿವೃತ್ತನಾದವನು. ಲೆಕ್ಕ ಬರುವುದರಿಂದಲೇ ಎಲ್ಲಿ ಬಾಯಿ ಬಿಡಬಾರದೆಂಬುದೂ ಅವನಿಗೆ ಗೊತ್ತು.

ಎಳ್ಳಿನ ಕೆಲಸದಲ್ಲಿ ಎಳ್ಳಿಗೆ ಸಂಬಂಧಿಸಿದ್ದು ಕಡಿಮೆ, ಹೆಚ್ಚಿನದೆಲ್ಲ ಕೊಬ್ಬರಿಯದು. ತಿಪಟೂರಿನ ಕೊಬ್ಬರಿಯ ಹೊರಗಿನ ಕಂದು ಸಿಪ್ಪೆಯನ್ನು ಪೂರ್ತಿ ಹೆರೆದು, ಬೆಳ್ಳಗಾದ ಬಟ್ಟಲನ್ನು ತೆಳುವಾಗಿ ಸೀಳಿ, ಆ ಸೀಳುಗಳನ್ನು ಮತ್ತೆ ಹುರಿಗಡಲೆಗಿಂತ ದೊಡ್ಡದಾಗದಂತೆ ಕತ್ತರಿಸಿ, ಬಿಸಿಲಿಗೆ ಹಾಕಬೇಕು. ಬೆಲ್ಲದ್ದೂ ಅದೇ ಕಥೆ. ಆದರೆ ಅಚ್ಚು ಬೆಲ್ಲ ಚಾಕುವಿಗೆ ಬಗ್ಗುವುದಿಲ್ಲ, ಅದಕ್ಕೆ ಅಡಕತ್ತರಿಯೇ ಬೇಕು. ಅಣ್ಣ ಒತ್ತಿದ ಕಡೆ ಬೆಲ್ಲ ತುಂಡಾಗುತ್ತಿತ್ತೇನೋ ನಿಜ, ಆದರೆ ಅರ್ಧ ತುಂಡು ತಟ್ಟೆಗೆ ಬಿದ್ದರೆ ಉಳಿದರ್ಧ ಸೋಫಾದ ಅಡಿಗೆ ಹಾರುತ್ತಿತ್ತು. ಅವು ಎಲ್ಲೆಲ್ಲಿ ಅಡಗಿದ್ದವೆಂಬುದನ್ನು ಮುಂದೆ ಇರುವೆಗಳು ಒಂದೊಂದಾಗಿ ಪತ್ತೆಮಾಡಿಕೊಟ್ಟವು. ತಾರಸಿಯಲ್ಲಿ ಒಣಗಲು ಹರವಿದ್ದ ತಟ್ಟೆಗಳಿಗೆ ಅಳಿಲು ಬಂದು, ಕೊಬ್ಬರಿಯನ್ನು ಮೂಸಿಯೂ ನೋಡದೆ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿಟ್ಟಿದ್ದ ಕಡಲೆಕಾಯಿ ಬೀಜವನ್ನಷ್ಟೇ ಆರಿಸಿಕೊಂಡು ಹೋಯಿತು. ಹುರಿದು, ಉಜ್ಜಿ, ಕೇರಿ ಕೊಡುವ ಮನೆ ಅದಕ್ಕೂ ಬೇರೆಲ್ಲೂ ಸಿಕ್ಕಿರಲಿಕ್ಕಿಲ್ಲ.

ಇಷ್ಟು ಹೊತ್ತಿಗೆ ಬುದ್ಧಿವಂತರಾದವರು ಸಕ್ಕರೆ ಅಚ್ಚನ್ನಾದರೂ ಅಂಗಡಿಯಿಂದ ತರುತ್ತಾರೆ. ಅತ್ತಿಗೆಯವರು ಮರದ ಅಚ್ಚುಗಳನ್ನೇ ಕೊಂಡು ತಂದರು. ಅವುಗಳ ಬೆಲೆಯಲ್ಲಿ ಎಷ್ಟು ಸಿದ್ಧ ಅಚ್ಚು ಬರುತ್ತಿತ್ತೆಂದು ಅಣ್ಣ ಮೆಲ್ಲಗೆ ಕೇಳಿದ್ದಕ್ಕೆ, "ಇದು ಖರ್ಚಲ್ಲ, ಬಂಡವಾಳ. ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ" ಎಂಬ ಉತ್ತರ ಸಿಕ್ಕಿತು. ಬಸವ, ಆನೆ, ನವಿಲು, ಗಿಳಿ, ತುಳಸಿಕಟ್ಟೆ, ದೇವಸ್ಥಾನದ ಗೋಪುರ, ಎಲ್ಲವೂ ಎರಡೆರಡು ಹೋಳು. ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಒರೆಸಿ, ಹೋಳಿಗೆ ಹೋಳು ಸೇರಿಸಿ ರಬ್ಬರ್ ಬ್ಯಾಂಡ್ ಬಿಗಿಯುವುದು ನನ್ನ ಪಾಲಿಗೆ ಬಂದ ಕೆಲಸ. ಮರ ನೀರು ಕುಡಿದಿರದಿದ್ದರೆ ಪಾಕವನ್ನು ಕುಡಿದುಬಿಡುತ್ತದೆ ಎಂದು ಅಮ್ಮ ಕುಳಿತಲ್ಲಿಂದಲೇ ಎಚ್ಚರಿಸುತ್ತಿದ್ದರು.

ಪಾಕದ ವಿಷಯವನ್ನು ತುಸು ವಿವರವಾಗಿಯೇ ಹೇಳಬೇಕು. ಸಕ್ಕರೆ ಮುಳುಗುವಷ್ಟು ನೀರು ಹಾಕಿ ಕುದಿಸಿ, ಸ್ವಲ್ಪ ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೇಳುತ್ತದೆ. ಅದನ್ನು ತೆಗೆದು, ಒದ್ದೆ ಬಟ್ಟೆಯಲ್ಲಿ ಸೋಸಿ, ಒಂದೊಂದೇ ಸೌಟನ್ನು ಸಣ್ಣ ಪಾತ್ರೆಗೆ ಬಗ್ಗಿಸಿಕೊಂಡು ಕೈಬಿಡದೆ ತಿರುವುತ್ತ ಕಾಯಿಸಬೇಕು. ಅಂಚಿನಲ್ಲಿ ಬೆಳ್ಳಗೆ ಕಟ್ಟಲು ತೊಡಗಿದ ಕ್ಷಣಕ್ಕೆ ಅಚ್ಚಿಗೆ ಸುರಿಯಬೇಕು. ಆ ಕ್ಷಣಕ್ಕೆ ಮುಂಚೆ ಸುರಿದರೆ ಅದು ಅಚ್ಚಿನ ಸಂದಿಯಿಂದ ಸೋರಿ ಕಟ್ಟೆಯ ಮೇಲೆ ಹರಿಯುತ್ತದೆ, ತಡವಾದರೆ ಪಾತ್ರೆಯಲ್ಲೇ ಬಂಡೆಯಾಗುತ್ತದೆ. ಮಿಠಾಯಿ ಮಾಡುವವರು ಥರ್ಮಾಮೀಟರ್ ಇಟ್ಟುಕೊಂಡು, 112ರಿಂದ 116 ಡಿಗ್ರಿಗೆ ಬಂದ ಪಾಕವನ್ನು ತಣ್ಣೀರಿಗೆ ಬಿಟ್ಟರೆ ಮೆತ್ತನೆಯ ಉಂಡೆಯಾಗುತ್ತದೆ ಎಂದು ಗುರುತಿಸುತ್ತಾರೆ. ನಮ್ಮ ಮನೆಯಲ್ಲಿ ಇದ್ದ ಮಾಪನ ಅಮ್ಮನ "ಈಗ ಸುರಿ" ಎಂಬ ಕೂಗೊಂದೇ, ಮತ್ತು ಆ ಕೂಗು ಬಂದಾಗಲೆಲ್ಲ ಕುಕ್ಕರು ಸೀಟಿ ಹೊಡೆಯುತ್ತಿತ್ತು.

ಅದರ ಮೇಲೆ ನಿಂಬೆಹಣ್ಣಿನ ಪ್ರಕರಣ. ಎದುರು ಮನೆಯವರು ಬಂದು, ನಾಲ್ಕು ಹನಿ ನಿಂಬೆರಸ ಹಿಂಡಿದರೆ ಅಚ್ಚು ಹಾಲಿನಂತೆ ಬೆಳ್ಳಗಾಗುತ್ತದೆಂದು ಹೇಳಿ ಹೋದರು. ನಾಲ್ಕು ಹನಿಗೆ ಅಷ್ಟು ಬಿಳುಪಾದರೆ ಒಂದು ಹೋಳಿಗೆ ಎಷ್ಟಾಗಬೇಡವೆಂದು ಅತ್ತಿಗೆಯವರು ಇಡೀ ಹೋಳನ್ನೇ ಹಿಂಡಿದರು. ಹುಳಿಯೊಂದಿಗೆ ಕುದಿದ ಸಕ್ಕರೆಯಲ್ಲಿ ಒಂದಂಶ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆದು, ಮಿಕ್ಕ ಸಕ್ಕರೆ ಹರಳುಗಟ್ಟದಂತೆ ಅಡ್ಡಗಾಲು ಹಾಕುತ್ತದೆ. ಜಾಮೂನಿನ ಪಾಕ ಡಬ್ಬಿಯಲ್ಲಿ ಗಟ್ಟಿಯಾಗದಿರಲೆಂದು ನಿಂಬೆ ಹಿಂಡುವುದು ಇದೇ ಕಾರಣಕ್ಕೆ. ಸಕ್ಕರೆ ಅಚ್ಚು ಬದುಕುವುದೇ ಹರಳಿನಿಂದ. ಆದ್ದರಿಂದ ಆ ಸರದಿಯ ಅಚ್ಚನ್ನು ಬಿಚ್ಚಿದಾಗ ಒಳಗಿದ್ದ ನವಿಲು ನಿಧಾನವಾಗಿ ಮುಂದಕ್ಕೆ ಬಾಗಿ, ಕತ್ತನ್ನು ತಟ್ಟೆಗೆ ಒರಗಿಸಿ, ರೆಕ್ಕೆಗಳ ಸಮೇತ ಮಲಗಿಬಿಟ್ಟಿತು.

ನಿಂಬೆ ಇಲ್ಲದ ಸರದಿ ಗಟ್ಟಿಯಾಯಿತು, ಆದರೆ ಪೂರ್ತಿಯಾಗಿ ಬರಲಿಲ್ಲ. ಬಸವ ಬಂದ, ಕೊಂಬುಗಳು ಅಚ್ಚಿನಲ್ಲೇ ಉಳಿದವು. ಸೊಂಡಿಲು ಕಳೆದುಕೊಂಡ ಆನೆ ಎಂಥ ಪ್ರಾಣಿಯಾಗಿ ಕಾಣುತ್ತದೆಯೆಂಬುದನ್ನು ಹಬ್ಬದ ದಿನ ಬರೆಯಬಾರದು. ಚೆನ್ನಾಗಿ ಬಂದದ್ದು ಗೋಪುರ ಮಾತ್ರ, ಏಕೆಂದರೆ ಅದಕ್ಕೆ ಮುರಿಯುವಂಥ ಅಂಗಗಳಿಲ್ಲ. ಧಾರವಾಡದ ಕಡೆಯ ಗೆಳೆಯನೊಬ್ಬ ಇದನ್ನೆಲ್ಲ ಫೋನಿನಲ್ಲಿ ಕೇಳಿ, ಅವರ ಮನೆಯಲ್ಲಿ ಕುಸುರೆಳ್ಳು ಮಾಡುವಾಗ ಸಣ್ಣ ಉರಿಯ ಮೇಲೆ ಎಳ್ಳಿಗೆ ಚಮಚ ಚಮಚವಾಗಿ ಪಾಕ ಹನಿಸುತ್ತ, ಕೈಯಿಂದ ಆಡಿಸುತ್ತ, ಒಂದೊಂದು ಕಾಳಿಗೂ ಮುಳ್ಳು ಮೂಡುವವರೆಗೆ ಕೂತಿರಬೇಕೆಂದು ಹೇಳಿ, "ನಿಮ್ಮದೇನ್ ಭಾಳ ತ್ರಾಸ ಇಲ್ಲ ಬಿಡ್ರಿ" ಎಂದು ಸಮಾಧಾನಪಡಿಸಿದ. ಈ ಮಾತನ್ನು ನಾನು ಅಡುಗೆಮನೆಗೆ ತಲುಪಿಸಲಿಲ್ಲ.

ಬೀರುವುದಕ್ಕೆ ಹೊರಡುವ ಮುನ್ನ ಅಣ್ಣ ಒಂದು ಕಾಗದದ ಮೇಲೆ ಸಕ್ಕರೆ, ಕೊಬ್ಬರಿ, ಮರದ ಅಚ್ಚು, ನಡುವೆ ಮುಗಿದುಹೋದ ಸಿಲಿಂಡರು, ಪ್ಲಾಸ್ಟಿಕ್ ಡಬ್ಬಿ, ಎಲ್ಲವನ್ನೂ ಬರೆದು ಕೂಡಿ, ಪೊಟ್ಟಣಗಳ ಸಂಖ್ಯೆಯಿಂದ ಭಾಗಿಸಿ, ಬಂದ ಉತ್ತರವನ್ನು ಮತ್ತೊಮ್ಮೆ ಪರೀಕ್ಷಿಸಿದ. ಮಾರುಕಟ್ಟೆಯದೇ ಅಗ್ಗವಾಗಿತ್ತು. "ಇದರಲ್ಲಿ ಇನ್ನೂ ಕೂಲಿ ಸೇರಿಸಿಲ್ಲ" ಎಂದ.

"ಮನೆ ಕೆಲಸಕ್ಕೆ ಯಾರಾದ್ರೂ ಕೂಲಿ ಲೆಕ್ಕ ಹಾಕ್ತಾರೇನೋ?" ಎಂದರು ಅಮ್ಮ.

"ಹಾಕಿದ್ದಿದ್ರೆ ಇವರ ಪೆನ್ಷನ್ ಸಾಲ್ತಿರಲಿಲ್ಲ ಬಿಡಿ ಅತ್ತೆ" ಎಂದು ಅತ್ತಿಗೆಯವರು ಕಾಗದವನ್ನು ನಾಲ್ಕಾಗಿ ಮಡಿಸಿ, ಅಲುಗುತ್ತಿದ್ದ ಮಣೆಯ ಕಾಲಿನಡಿಗೆ ಸಿಕ್ಕಿಸಿದರು.

ಹಬ್ಬದ ಸಂಜೆ ಅತ್ತಿಗೆಯವರೂ ರೇಷ್ಮೆ ಲಂಗದ ಹುಡುಗಿಯೂ ತಟ್ಟೆ ಹಿಡಿದು ಬೀದಿಗಿಳಿದರು. ಎಳ್ಳು ಬೀರುವುದರಲ್ಲಿ ಒಂದು ತೊಡಕಿದೆ: ಕೊಟ್ಟ ಮನೆಯವರೆಲ್ಲ ತಿರುಗಿ ಕೊಡುತ್ತಾರೆ. ಅಷ್ಟು ಹೆಚ್ಚಿ ಖಾಲಿ ಮಾಡಿದ ಡಬ್ಬ ರಾತ್ರಿಯೊಳಗೆ ಮತ್ತೆ ತುಂಬಿತು, ಅದೂ ಹೆಚ್ಚಿನ ಮಟ್ಟಿಗೆ ಅಂಗಡಿಯ ಎಳ್ಳಿನಿಂದ. ಕೊಬ್ಬರಿಯ ಅಳತೆ ನೋಡಿಯೇ ಅಮ್ಮ ಯಂತ್ರದ್ದು ಯಾವುದು, ಕೈಯದು ಯಾವುದು ಎಂದು ಬೇರ್ಪಡಿಸಿದರು. ನಮ್ಮ ಬಸವನ ಬಗ್ಗೆ ಯಾರೂ ಕೆಟ್ಟ ಮಾತಾಡಲಿಲ್ಲ. ಎಳ್ಳು ಬೆಲ್ಲ ಬಾಯಲ್ಲಿರುವಾಗ ಹಾಗೆ ಆಡುವಂತಿಲ್ಲವಷ್ಟೆ. ಎದುರು ಮನೆಯವರು ಮಾತ್ರ, "ಎಮ್ಮೆ ಅಚ್ಚು ಎಲ್ಲಿ ಸಿಕ್ತು ನಿಮಗೆ?" ಎಂದು ಮೆಚ್ಚುಗೆಯಿಂದಲೇ ವಿಚಾರಿಸಿದರಂತೆ.

ಮುರಿದದ್ದು, ಬಾಗಿದ್ದು, ಬಣ್ಣ ಹೆಚ್ಚಾದದ್ದೆಲ್ಲ ದೊಡ್ಡ ಡಬ್ಬವೊಂದಕ್ಕೆ ಸೇರಿ, ಅಂದಿನಿಂದ ಮನೆಗೆ ಸಕ್ಕರೆ ತರುವುದೇ ನಿಂತಿತು. ಬೆಳಗಿನ ಕಾಫಿಗೆ ಆನೆಯ ಹಿಂಗಾಲು, ಸಂಜೆಯದಕ್ಕೆ ತುಳಸಿಕಟ್ಟೆಯ ಮೆಟ್ಟಿಲು. ಶಿವರಾತ್ರಿಯ ಹೊತ್ತಿಗೆ ಅಣ್ಣನ ಹಳೆಯ ಸಹೋದ್ಯೋಗಿಯೊಬ್ಬರು ಬಂದವರು ಕಾಫಿ ಬೇಡ, ಬಿಸಿ ಹಾಲಾದರೆ ಸಾಕೆಂದರು. ಲೋಟ ಕೈಗೆ ಬಂದಮೇಲೆ ಅದರೊಳಗಿನ ತಿಳಿಹಸಿರನ್ನು ನೋಡುತ್ತ, ಕುಡಿಯಲೋ ಬೇಡವೋ ಎಂದು ಅಣ್ಣನ ಮುಖ ನೋಡಿದರು.

"ಅದು ಗಿಳಿ, ಕುಡೀರಿ" ಎಂದರು ಅಮ್ಮ. "ನವಿಲು ಬೇಕಿದ್ರೆ ಇನ್ನೊಂದು ಲೋಟ ತರಿಸ್ತೀನಿ."