ಶಾಲೆಯಲ್ಲಿ ಮನೆ ಕಟ್ಟುವ ಪಾಠ ಬೇಕಾ? ಕೊಡಗಿನಿಂದ ಒಂದು ಪರ, ಒಂದು ವಿರೋಧ

ಪರ: ನೀರು ಎಲ್ಲಿಗೆ ಹೋಗುತ್ತದೆ ಅಂತ ಮಕ್ಕಳಿಗೆ ಗೊತ್ತಾಗಲಿ

ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಆದರೂ ನಾವು ಬಯಲುಸೀಮೆಯವರ ಹಾಗೆ ಚಪ್ಪಟೆ ತಾರಸಿ ಹಾಕಿಸುತ್ತೇವೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಗೆ ಪಾಚಿ, ಮೂಲೆಯಲ್ಲಿ ಸೋರಿಕೆ. ಆಮೇಲೆ ಅದೇ ತಾರಸಿ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟ್ ಹೊದಿಸುತ್ತೇವೆ. ಒಂದು ಮನೆಗೆ ಎರಡು ಸೂರಿನ ಖರ್ಚು! ಮನೆಗೂ ಮಳೆಗೂ ಇರುವ ಸಂಬಂಧವನ್ನು ಶಾಲೆಯಲ್ಲೇ ಕೈಯಾರೆ ಮಾಡಿ ಕಲಿತಿದ್ದರೆ, ಮನೆ ಕಟ್ಟಿಸುವಾಗ ಮೇಸ್ತ್ರಿಯ ಹತ್ತಿರ ಕೇಳಬೇಕಾದ ಪ್ರಶ್ನೆಗಳಾದರೂ ನಮಗೆ ಗೊತ್ತಿರುತ್ತಿದ್ದವು.

ಇದಕ್ಕೆ ದೊಡ್ಡ ಲ್ಯಾಬ್ ಬೇಡ. ಒಂದು ಅಗಲವಾದ ಟ್ರೇ, ತೋಟದ ಕೆಂಪು ಮಣ್ಣು, ಬೆಂಕಿಪೊಟ್ಟಣದ ಗಾತ್ರದ ಎರಡು ಮರದ ತುಂಡು, ಮುಚ್ಚಳಕ್ಕೆ ತೂತು ಹೊಡೆದ ನೀರಿನ ಬಾಟಲಿ ಸಾಕು. ಮಣ್ಣು ತಟ್ಟಿ ಇಳಿಜಾರು ಮಾಡಿ. ಒಂದು ಕಡೆ ಬುಡವನ್ನು ನೆಟ್ಟಗೆ ಕಡಿದು ಮರದ ತುಂಡನ್ನು ಇಡಿ, ಅದೇ ಮನೆ. ಇನ್ನೊಂದು ಕಡೆ ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಎರಡನೇ ತುಂಡು ಇಟ್ಟು, ಮೇಲ್ಗಡೆ ನೀರು ಪಕ್ಕಕ್ಕೆ ಹೋಗಲು ಒಂದು ಸಣ್ಣ ಚರಂಡಿ ತೆಗೆಯಿರಿ. ಈಗ ಎರಡೂ ಕಡೆ ಒಂದೇ ಅಳತೆಯ ನೀರು ಚಿಮುಕಿಸಿ. ನೆಟ್ಟಗೆ ಕಡಿದ ಕಡೆ ಮೊದಲು ಮೇಲ್ಗಡೆ ಬಿರುಕು ಬಿಡುತ್ತದೆ. ಬಾಟಲಿ ಹಿಡಿದ ಹುಡುಗ ಅಲ್ಲೇ ಕೈ ತಡೆಯುತ್ತಾನೆ. ನಿಲ್ಲಿಸಬೇಡ ಅನ್ನಿ. ಇನ್ನಷ್ಟು ನೀರಿಗೆ ಮಣ್ಣು ಜಾರಿ ಬಂದು ತುಂಡನ್ನು ತಳ್ಳಿಬಿಡುತ್ತದೆ.

ಮುಂದಿನ ಪ್ರಯೋಗ ತಡೆಗೋಡೆಯದ್ದು. ಅದೇ ಮಣ್ಣಿಗೆ ಒಂದು ರಟ್ಟು ಅಡ್ಡ ಇಟ್ಟು ನೀರು ಹಾಕಿದರೆ, ಹಿಂದೆ ನೀರು ತುಂಬಿ ರಟ್ಟು ಹೊಟ್ಟೆ ಬಿಡುತ್ತದೆ. ರಟ್ಟಿಗೆ ತೂತು ಮಾಡಿ ಸ್ಟ್ರಾ ತೂರಿಸಿದರೆ ನೀರು ಹೊರಗೆ ಬರುತ್ತದೆ, ಗೋಡೆಯ ಮೇಲಿನ ಒತ್ತಡ ಇಳಿಯುತ್ತದೆ. ಇಷ್ಟು ನೋಡಿದ ಮಗು ಮುಂದಿನ ಸಲ ಸಂಪಾಜೆ ಘಾಟಿಯಲ್ಲಿ ಬಸ್ಸಿನ ಕಿಟಕಿಯಿಂದ ತಡೆಗೋಡೆಯ ಪೈಪುಗಳನ್ನು ಖಂಡಿತ ಹುಡುಕುತ್ತದೆ.

2018ರ ಆಗಸ್ಟ್ ನಮ್ಮ ಮಕ್ಕಳಿಗೆ ಪಾಠದ ಪುಸ್ತಕದ ವಿಷಯವಲ್ಲ. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆಯ ಎಷ್ಟೋ ಮನೆಗಳು ಗುಡ್ಡ ಕುಸಿದು ಮಣ್ಣುಪಾಲಾದವು. ವಿಪರೀತ ಮಳೆ ಮೊದಲ ಕಾರಣ, ನಿಜ. ಆದರೆ ರಸ್ತೆಗೆ, ಮನೆಗೆ ಅಂತ ಗುಡ್ಡವನ್ನು ಬೇಕಾಬಿಟ್ಟಿ ಕಡಿದದ್ದೂ ಒಂದು ಕಾರಣ ಅಂತ ಭೂವಿಜ್ಞಾನಿಗಳು ಹೇಳಿದರು. ನಾಳೆ ಜೆಸಿಬಿ ಕರೆಸುವವರು ಇವತ್ತು ಏಳನೇ ತರಗತಿಯಲ್ಲಿ ಕೂತಿದ್ದಾರೆ.

ಲೆಕ್ಕವೂ ಇದರಲ್ಲೇ ಇದೆ. ಹತ್ತಿರದ ಐನ್‌ಮನೆಗೆ, ಅಂದರೆ ಕೊಡವರ ಹಳೆಯ ಕುಟುಂಬದ ಮನೆಗೆ, ಟೇಪ್ ಹಿಡಿದು ಹೋಗಲಿ. ಕೈಯಾಲೆಯ (ಮುಂದಿನ ಜಗಲಿ) ಉದ್ದಗಲ, ಐಮರ (ಜಗಲಿಯ ಕಂಬಗಳ ನಡುವೆ ಕೂರುವ ಹಲಗೆ) ನೆಲದಿಂದ ಎಷ್ಟು ಎತ್ತರ, ಸೂರು ಗೋಡೆಯಿಂದ ಎಷ್ಟು ಮುಂದೆ ಚಾಚಿದೆ, ಎಲ್ಲ ಅಳೆಯಲಿ. ಮೀಟರಿಗೆ ಎರಡು ಸೆಂಟಿಮೀಟರಿನಂತೆ ಹಾಳೆಗೆ ಇಳಿಸಲಿ. ಅನುಪಾತ ಅಂದರೆ ಏನು ಅಂತ ಆಮೇಲೆ ಬಿಡಿಸಿ ಹೇಳಬೇಕಾಗಿಲ್ಲ. ಓರೆ ಮಳೆ ಬಡಿದರೂ ಗೋಡೆ ಯಾಕೆ ಒಣಗಿರುತ್ತದೆ ಅಂತ ಅವರೇ ಹೇಳುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, 6ರಿಂದ 8ನೇ ತರಗತಿಯ ಮಕ್ಕಳು 10 ದಿನ ಬ್ಯಾಗ್ ಇಲ್ಲದೆ ಬಡಗಿ, ಕುಂಬಾರರಂಥವರ ಹತ್ತಿರ ಕಲಿಯಲಿ ಅಂದಿತ್ತು. ನಮ್ಮ ರಾಜ್ಯ ಆ ನೀತಿ ಬಿಟ್ಟು ಬೇರೆ ದಾರಿ ಹಿಡಿದಿದೆ. ಪರವಾಗಿಲ್ಲ, ಈ ಒಂದು ಮಾತನ್ನಾದರೂ ಉಳಿಸಿಕೊಳ್ಳೋಣ.

ವಿರೋಧ: ಇದನ್ನು ಪ್ರಾಜೆಕ್ಟ್ ಮಾಡಿದರೆ ಕೆಟ್ಟೆವು

ಟ್ರೇ, ಮಣ್ಣು, ಬಾಟಲಿಯ ಪಾಠ ಚೆನ್ನಾಗಿದೆ. ಉತ್ಸಾಹ ಇರುವ ಒಬ್ಬ ಮೇಷ್ಟ್ರು, ಒಬ್ಬ ಟೀಚರ್ ಇದ್ದ ಕಡೆ ಅದು ನಡೆಯುತ್ತದೆ, ನಡೆಯಲಿ. ನನ್ನ ತಕರಾರು ಅದನ್ನು ಎಲ್ಲ ಶಾಲೆಗೂ ಪ್ರಾಜೆಕ್ಟ್ ಅಂತ ಕೊಡುವುದಕ್ಕೆ.

ಪ್ರಾಜೆಕ್ಟ್ ಅಂದ ಕೂಡಲೇ ಏನಾಗುತ್ತದೆ ಅಂತ ತಂದೆತಾಯಿಗೆಲ್ಲ ಗೊತ್ತು. ಕೊಡಬೇಕಾದ ದಿನದ ಹಿಂದಿನ ರಾತ್ರಿ ಅಪ್ಪ ಥರ್ಮಾಕೋಲ್ ಕೊಯ್ಯುತ್ತಾರೆ, ಅಮ್ಮ ಗಮ್ ಹಚ್ಚುತ್ತಾರೆ, ಮಗು ನಿದ್ದೆಗಣ್ಣಲ್ಲಿ ಸ್ಕೆಚ್ ಪೆನ್ ಹಿಡಿದು ಹೆಸರು ಬರೆಯುತ್ತದೆ. ಆಗದಿದ್ದರೆ ಫ್ಯಾನ್ಸಿ ಅಂಗಡಿಯಲ್ಲಿ ರೆಡಿ ಸಿಗುತ್ತದೆ. ಇದು ಮಕ್ಕಳ ತಪ್ಪಲ್ಲ. ಅಂಕ ಇದ್ದ ಕಡೆ ಮನೆಯವರ ಕೈ ಬಂದೇ ಬರುತ್ತದೆ.

ಇನ್ನು ಸಮಯ. ಜೂನ್‌ನಿಂದ ಆಗಸ್ಟ್‌ವರೆಗೆ ಕೊಡಗಿನಲ್ಲಿ ಮಳೆ ರಜೆ ಎಷ್ಟಾಗುತ್ತದೆ ಅಂತ ಮೊದಲೇ ಹೇಳಲಾಗದು. ಆ ಪಾಠಗಳನ್ನು ಶನಿವಾರ ಮಧ್ಯಾಹ್ನ ಕೂತು ಮುಗಿಸಬೇಕು. ಎರಡು ಮೂರು ತರಗತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿ ಕಲಿಸುವ ಟೀಚರಿಗೆ, ಇಪ್ಪತ್ತು ಮಕ್ಕಳ ಕೈಗೆ ಕತ್ತರಿ ಕೊಟ್ಟು ಕಾಯುವ ಕೆಲಸವನ್ನೂ ಹೊರಿಸುವುದು ನ್ಯಾಯ ಅಲ್ಲ.

ಇದೆಲ್ಲಕ್ಕಿಂತ ನನ್ನನ್ನು ಕಾಡುವುದು ಬೇರೆ. ಇಂಥ ಪಾಠ ಸಾಮಾನ್ಯವಾಗಿ ಶುರುವಾಗುವುದೇ "ನಿಮ್ಮ ಮನೆಯ ನಕ್ಷೆ ಬರೆದುಕೊಂಡು ಬನ್ನಿ" ಅಂತ. ತೋಟದ ಕೂಲಿಯವರು ಇರುವ ಲೈನ್‌ಮನೆಯ ಹುಡುಗಿ ಏನು ಬರೆಯಬೇಕು? ಒಂದು ಕೋಣೆ, ಅದರಲ್ಲೇ ಒಲೆ, ಹೊರಗೆ ನಾಲ್ಕು ಮನೆಗೆ ಸೇರಿ ಒಂದು ನಲ್ಲಿ. ಪಕ್ಕದ ಬೆಂಚಿನವಳ ಹಾಳೆಯಲ್ಲಿ ಪೋರ್ಟಿಕೋ, ಮಹಡಿ, ಕಾರ್ ಶೆಡ್. ಮಣ್ಣು ಕುಸಿದು ಮನೆ ಕಳೆದುಕೊಂಡು ಜಂಬೂರಿನಲ್ಲೋ ಮದೆನಾಡಿನಲ್ಲೋ ಸರ್ಕಾರ ಕೊಟ್ಟ ಮನೆಗೆ ಹೋದ ಮಗು ಯಾವ ಮನೆಯನ್ನು ತನ್ನದು ಅಂತ ಬರೆಯಬೇಕು? ಬಾಟಲಿ ನೀರಿಗೆ ಮರದ ತುಂಡು ಉರುಳಿದಾಗ ತರಗತಿಯ ಉಳಿದವರು ಚಪ್ಪಾಳೆ ತಟ್ಟಬಹುದು. ಆ ಮಗು ಸುಮ್ನೆ ಕೂರುತ್ತದೆ. ಅದನ್ನು ಸಂಭಾಳಿಸುವ ತರಬೇತಿ ನಮ್ಮ ಶಿಕ್ಷಕರಿಗೆ ಯಾರು ಕೊಟ್ಟಿದ್ದಾರೆ?

ಐನ್‌ಮನೆಯ ಬಗ್ಗೆ ನನಗೂ ಗೌರವ ಇದೆ. ಆದರೆ ಅಳೆಯಲು ಹೋಗುವ ಮನೆ ಅದೊಂದೇ ಆದರೆ, ಕೊಡಗಿನ ಮನೆ ಅಂದರೆ ಅದೇ ಅಂತಾಗುತ್ತದೆ. ಬಿದಿರು ಸೀಳಿ, ಹೆಣೆದು, ಮಣ್ಣು ಮೆತ್ತಿ ಗೋಡೆ ಎಬ್ಬಿಸುವುದು ಹಾಡಿಯ (ಆದಿವಾಸಿಗಳ ಊರು) ಹಿರಿಯರಿಗೆ ಗೊತ್ತು. ಅವರನ್ನು ಗುರುಗಳಾಗಿ ಶಾಲೆಗೆ ಕರೆಯುವ ಮಾತು ಈ ಚರ್ಚೆಯಲ್ಲಿ ಯಾಕೆ ಬರುವುದಿಲ್ಲ?

ಟ್ರೇ ಗುಡ್ಡವಲ್ಲ ಅನ್ನುವುದನ್ನೂ ನೆನಪಿಡಬೇಕು. ಒಳಗಿನ ಬಂಡೆ, ಅದರ ಮೇಲಿನ ಮಣ್ಣಿನ ದಪ್ಪ, ಒಳಹರಿವಿನ ನೀರು, ಇವು ಯಾವುದೂ ಟ್ರೇಯಲ್ಲಿ ಕಾಣುವುದಿಲ್ಲ. ಚರಂಡಿ ತೆಗೆದರೆ ಸಾಕು, ಮನೆ ಗಟ್ಟಿ ಅಂತ ಮಗು ಮನೆಗೆ ಹೋಗಿ ಹೇಳಿದರೆ? ಆಗಸ್ಟ್ ರಾತ್ರಿಯಲ್ಲಿ ಅಂಥ ಧೈರ್ಯ ಅಪಾಯ.

ನನ್ನನ್ನು ಕೇಳಿದರೆ ಟೇಪ್ ಹಿಡಿಯುವುದು ಗಣಿತದ ಪೀರಿಯಡ್ಡಿಗೇ ಬರಲಿ. ಎಲ್ಲರಿಗೂ ಸೇರಿದ ಕಟ್ಟಡ ಶಾಲೆಯದ್ದು, ಅದನ್ನೇ ಅಳೆಯಲಿ. ಸೋರುವ ಜಾಗ, ನೀರು ನಿಲ್ಲುವ ಮೂಲೆ ಅಲ್ಲೂ ಇವೆ. ಕಟ್ಟುವ ಕೆಲಸ ಇಷ್ಟಪಡುವ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಊರಿನ ಲೈಬ್ರರಿ) ಶಿಬಿರ ಮಾಡಲಿ, ಬಡಗಿಯೂ ಬರಲಿ, ಹಾಡಿಯ ಅಜ್ಜನೂ ಬರಲಿ, ಇಬ್ಬರಿಗೂ ಸಂಭಾವನೆ ಸಿಗಲಿ. ಅಂಕಪಟ್ಟಿಯಲ್ಲಿ ಮಾತ್ರ ಇದಕ್ಕೊಂದು ಕಾಲಂ ಬೇಡ.